ಅಳಿವೆಯಿಂದ ಕಾನಿಗೆ

ಗೋಕರ್ಣದಿಂದ ದಕ್ಷಿಣಕ್ಕೆ ಕಡಲಂಚು ಹಿಡಿದು ನಡೆಯಬೇಕು ಎನ್ನುವವರು ಮೊದಲು ತೆರೆಯಬೇಕಾದದ್ದು ಪಂಚಾಂಗವನ್ನು. ರಜೆ ಎಷ್ಟು ದಿನ, ಶನಿವಾರ-ಭಾನುವಾರ ಎಲ್ಲಿ ಬೀಳುತ್ತವೆ, ರೈಲಿನಲ್ಲಿ ಸೀಟು ಇದೆಯೇ ಎಂಬುದೆಲ್ಲ ಆಮೇಲಿನ ಮಾತು. ಅಂದು ತಿಥಿ ಯಾವುದು ಎಂದು ತಿಳಿದರೆ, ನೀವು ಕಾಲಿಡಬೇಕಾದ ಬಂಡೆ ಬಿಸಿಲಿಗೆ ಮೈಯೊಡ್ಡಿರುತ್ತದೆಯೋ ನೀರಿನಡಿ ಇರುತ್ತದೆಯೋ ಎಂಬುದೂ ತಿಳಿಯುತ್ತದೆ.

ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ಕರಾವಳಿಯ ಉಬ್ಬರ ಮಧ್ಯಾಹ್ನಕ್ಕೆ ತುಸು ಮುಂಚೆ ತುಂಬಿ ನಿಲ್ಲುತ್ತದೆ. ಆ ದಿನಗಳಲ್ಲಿ ಇಳಿತಕ್ಕೂ ಉಬ್ಬರಕ್ಕೂ ಎರಡು ಮೀಟರಿನ ಹತ್ತಿರ ಹತ್ತಿರ ಅಂತರ. ಬೆಳಿಗ್ಗೆ ಗುಡ್ಡದ ಬುಡದಲ್ಲಿ ಕಂಡ ಮರಳಿನ ಪಟ್ಟಿ ಹನ್ನೊಂದು ಗಂಟೆಗೆ ಇರುವುದಿಲ್ಲ. ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುವುಮುರುವಾಗುತ್ತದೆ: ಹತ್ತು-ಹನ್ನೊಂದರ ಸುಮಾರಿಗೆ ಇಳಿತ, ಉಬ್ಬರವೂ ಸೌಮ್ಯ. ಬೆಳಿಗ್ಗೆ ಏಳಕ್ಕೆ ಹೊರಟು ಹನ್ನೆರಡರೊಳಗೆ ನಡಿಗೆ ಮುಗಿಸುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನಿನ್ನೆಗಿಂತ ಇಂದು ಸುಮಾರು 50 ನಿಮಿಷ ತಡ. ಕಾರವಾರದ ವೇಳಾಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಎರಡನ್ನೂ ನೋಡಿಕೊಳ್ಳಿ, ಆಮೇಲೆ ದಂಡೆಯಲ್ಲಿ ಬಲೆ ಬಿಡಿಸುತ್ತ ಕೂತವರನ್ನು ಒಂದು ಮಾತು ಕೇಳಿ. ಉಬ್ಬರಕ್ಕೆ ಅವರು ಭರತ ಎನ್ನುತ್ತಾರೆ. "ಭರತ ಬರೂದ್ರೊಳಗೆ ಆ ಕಲ್ಲು ದಾಟ್ಕಳಿ" ಎಂದು ಒಬ್ಬರು ಹೇಳಿದರೆ ಚಹಾ ಅರ್ಧಕ್ಕೆ ಬಿಟ್ಟು ಏಳಬೇಕು.

ನಾನು ಹೇಳಹೊರಟಿರುವುದು ಉತ್ತರ ಕನ್ನಡದಲ್ಲಿ ಒಂದು ವಾರ ನಡೆಯುವ ಬಗ್ಗೆ. ಮೊದಲ ಪಾಲು ಗೋಕರ್ಣದಿಂದ ಕುಮಟಾವರೆಗಿನ ಕಡಲಂಚು, ಉಳಿದದ್ದು ಯಾಣ, ಉಂಚಳ್ಳಿ, ಶಿರಸಿಯ ಘಟ್ಟಸೀಮೆ. ಎರಡನ್ನೂ ಕೂಡಿಸುವುದು ಅಘನಾಶಿನಿ. ಶಿರಸಿ ಸೀಮೆಯಲ್ಲಿ ಹುಟ್ಟಿ, 120 ಕಿಲೋಮೀಟರಿನ ಆಸುಪಾಸು ಹರಿದು, ತದಡಿಯ ಬಳಿ ಅರಬ್ಬಿ ಸಮುದ್ರ ಸೇರುವ ಈ ಹೊಳೆಗೆ ಅಡ್ಡಲಾಗಿ ಒಂದೂ ದೊಡ್ಡ ಅಣೆಕಟ್ಟಿಲ್ಲ. ಉತ್ತರದ ಕಾಳಿಯನ್ನು ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಕಟ್ಟಿದ್ದೇವೆ. ದಕ್ಷಿಣದ ಶರಾವತಿಯನ್ನು ಲಿಂಗನಮಕ್ಕಿಯಲ್ಲಿ ಕಟ್ಟಿ, ಗೇರುಸೊಪ್ಪದಲ್ಲಿ ಮತ್ತೆ ಕಟ್ಟಿದ್ದೇವೆ. ನಡುವಿನ ಇದೊಂದು ಇನ್ನೂ ಮಳೆಗಾಲಕ್ಕೆ ತುಂಬಿ ಬೇಸಿಗೆಗೆ ಬತ್ತಿ, ತನ್ನ ಕ್ರಮದಲ್ಲೇ ಹರಿಯುತ್ತಿದೆ. ಹೊಳೆಯೊಂದನ್ನು ಅದರ ಬಾಯಿಂದ ಹುಟ್ಟಿನ ಕಡೆಗೆ ಹಿಂಬಾಲಿಸುವುದು ಒಂದು ಸೀಮೆಯನ್ನು ಅರಿಯಲು ಇರುವ ಅತ್ಯುತ್ತಮ ದಾರಿ ಎಂದು ನಾನು ನಂಬಿದ್ದೇನೆ. ಮೊದಲಿಗೆ ಸಮತಟ್ಟಾದ ಮರಳಿನ ಮೇಲೆ ಕಾಲು ಪಳಗುತ್ತದೆ. ಕರಾವಳಿಯ ಸೆಕೆಯನ್ನು ಮೈಯಲ್ಲಿ ಹೊಸ ಬಲವಿರುವಾಗಲೇ ಕಳೆದಿರುತ್ತೀರಿ. ಆಮೇಲೆ ದಿನದಿನಕ್ಕೂ ನೆರಳು ದಟ್ಟವಾಗುತ್ತದೆ, ರಾತ್ರಿ ತಂಪಾಗುತ್ತದೆ, ಉಪ್ಪಾಗಿದ್ದ ನೀರು ಸಿಹಿಯಾಗುತ್ತದೆ.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಕಡಲಂಚಿನ ದಾರಿಯ ಆಸೆಯನ್ನೇ ಬಿಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳೇ ಕಡಲಿಗೆ ಇಳಿಯುವಂತಿಲ್ಲ. ಅಕ್ಟೋಬರಿನಲ್ಲಿ ಸಂಜೆಯ ಗುಡುಗು-ಮಳೆ ಇನ್ನೂ ಇರುತ್ತದೆ. ಫೆಬ್ರವರಿಗೆ ಗುಡ್ಡದ ಹುಲ್ಲು ಒಣಗಿ ಬೆಂಕಿಯ ಭಯ. ಶಿವರಾತ್ರಿಗೆ ಗೋಕರ್ಣದಲ್ಲೂ ಯಾಣದಲ್ಲೂ ಜಾತ್ರೆಯ ಜನ. ನನ್ನ ಆಯ್ಕೆ ದೀಪಾವಳಿ ಕಳೆದು ಮೂರು ವಾರಕ್ಕೆ ಬರುವ ಕಾರ್ತಿಕ ಬಹುಳ ಅಷ್ಟಮಿಯ ಸುತ್ತಲ ವಾರ. ಆಗ ಹೊಳೆಗಳಲ್ಲಿ ನೀರಿರುತ್ತದೆ, ಜಲಪಾತಗಳು ಸೊರಗಿರುವುದಿಲ್ಲ, ಗದ್ದೆಗಳಲ್ಲಿ ಕೊಯ್ಲು ನಡೆದಿರುತ್ತದೆ. ಚಂದ್ರ ಹುಟ್ಟುವುದು ನಡುರಾತ್ರಿಯ ಹೊತ್ತಿಗೆ. ಅಲ್ಲಿಯವರೆಗೆ ಕಡಲ ಮೇಲೆ ಕತ್ತಲು, ಕತ್ತಲಿನಲ್ಲಿ ದೂರದ ದೋಣಿಗಳ ದೀಪಗಳ ಸಾಲು, ಅದರ ಮೇಲೆ ನಕ್ಷತ್ರ.

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣ. ಊರು ಅಲ್ಲಿಂದ ಹತ್ತು ಕಿಲೋಮೀಟರಿನಷ್ಟು ದೂರ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ತನಕ ಈ ಕಡೆ ಬರುವುದೇ ಒಂದು ಪ್ರಯಾಸವಾಗಿತ್ತು. ಈಗ ಬರುವುದು ಸುಲಭವಾಗಿರುವುದರಿಂದಲೇ ಯೋಜನೆಯಲ್ಲಿ ಹೆಚ್ಚು ಶಿಸ್ತು ಬೇಕು ಎನಿಸುತ್ತದೆ.

ಮಹಾಬಲೇಶ್ವರ ದೇವಸ್ಥಾನದ ಬೀದಿಯಲ್ಲಿ ಆ ಹೊತ್ತಿಗೆ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಸೊಪ್ಪು, ಬದನೆ ಇಟ್ಟುಕೊಂಡು ಕೂತಿರುತ್ತಾರೆ. ಕೊರಳ ತುಂಬ ಕರಿಮಣಿಯ ಸರಗಳು. ಅವರಿಂದ ನಾಲ್ಕು ಬಾಳೆಹಣ್ಣು ಕೊಂಡು ಚೀಲಕ್ಕೆ ಹಾಕಿಕೊಂಡು, ತಿಂಡಿ ಮುಗಿಸಿ, ಊರ ದಕ್ಷಿಣದ ಗುಡ್ಡ ಹತ್ತಿ. ಕಾಲಡಿಗೆ ಚೀರೆಕಲ್ಲಿನ ಹಾಸು. ಮಳೆಗಾಲದಲ್ಲಿ ಇದರ ಮೇಲೆ ಪುಟ್ಟ ಪುಟ್ಟ ಹೂಗಳು ಎದ್ದಿರುತ್ತವೆ. ಈಗ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತಿದೆ. ಹಾಸಿನ ಅಂಚಿಗೆ ಬಂದು ನಿಂತರೆ ಕುಡ್ಲೆಯ ದಂಡೆ ಒಮ್ಮೆಗೇ ಕಾಣಿಸುತ್ತದೆ: ಎರಡು ಗುಡ್ಡಗಳ ನಡುವೆ ಒಳಕ್ಕೆ ಬಾಗಿದ ಮರಳು, ಅದರ ಹಿಂದೆ ತೆಂಗು.

ಇಲ್ಲಿಂದ ಮುಂದಿನ ಲಯ ಒಂದೇ. ದಂಡೆ, ಗುಡ್ಡ, ಮತ್ತೆ ದಂಡೆ. ಘಟ್ಟದ ಸೆರಗು ಕಡಲವರೆಗೂ ಬಂದು ಕಾಲು ನೀರಿಗಿಟ್ಟು ಕೂತಿರುವ ಜಾಗ ಇದು. ಅದಕ್ಕೇ ಇಲ್ಲಿ ಉದ್ದದ ಸಪಾಟು ಕಿನಾರೆಗಳಿಲ್ಲ, ಗುಡ್ಡಗಳ ನಡುವೆ ಸಿಕ್ಕಿಕೊಂಡ ಚಿಕ್ಕ ಚಿಕ್ಕ ಕೊಲ್ಲಿಗಳು. ಕುಡ್ಲೆ ದಾಟಿದರೆ ಓಂ. ಮೇಲಿನಿಂದ ನೋಡಿದರೆ ಮಾತ್ರ ಆ ಅಕ್ಷರದ ಎರಡು ಬಾಗು ಸ್ಪಷ್ಟ. ಮರಳಿಗೆ ಇಳಿದವರಿಗೆ ಅದು ನಡುವೆ ಬಂಡೆಗಳ ಗುಂಪಿರುವ ಜೋಡಿ ದಂಡೆ. ವಾಹನ ಬರುವುದು ಇಲ್ಲಿಯವರೆಗೆ. ಓಂ ದಂಡೆಯ ತುದಿಯಿಂದ ಹಾಫ್ ಮೂನ್ ಕಡೆಗೆ ಹೊರಟ ಕಾಲುಹಾದಿಯಲ್ಲಿ ಹತ್ತು ನಿಮಿಷ ನಡೆಯುವಷ್ಟರಲ್ಲಿ ಹಾಡು, ಹಾರ್ನು ಎಲ್ಲ ಹಿಂದಾಗುತ್ತದೆ. ಕುರುಚಲು ಗಿಡಗಳ ನಡುವೆ ಸಾಗುವ ಹಾದಿ ಕೆಲವು ಕಡೆ ಕಡಿದಾದ ಅಂಚಿಗೇ ಬರುತ್ತದೆ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕೆಳಗೆ ಬಂಡೆಗೆ ಹೊಡೆದು ಬಿಳಿಯಾಗುವ ನೀರು. ಇಲ್ಲಿ ಮೊಬೈಲು ಚೀಲದಲ್ಲಿರಲಿ. ಫೋಟೊ ತೆಗೆಯುವುದಾದರೆ ನಿಂತು ತೆಗೆಯಿರಿ.

ಹಾಫ್ ಮೂನ್‌ನಿಂದ ಪ್ಯಾರಡೈಸ್‌ಗೆ ಬಂಡೆಗಳ ಮೇಲಿನ ದಾರಿ. ಇಳಿತದ ಲೆಕ್ಕ ಫಲ ಕೊಡುವುದು ಇಲ್ಲೇ. ನೀರು ಹಿಂದೆ ಸರಿದಾಗ ಬಂಡೆಯ ಕುಳಿಗಳಲ್ಲಿ ನಿಂತ ನೀರಲ್ಲಿ ಪುಟ್ಟ ಏಡಿ, ಸಿಂಪಿ, ಬೆರಳುದ್ದದ ಮೀನು. ಕಪ್ಪಗೆ ಒಣಗಿದ ಬಂಡೆಯ ಮೇಲೆ ಕಾಲು ನಿಲ್ಲುತ್ತದೆ, ಹಸಿರು ಪಾಚಿ ಮೆತ್ತಿದ್ದರ ಮೇಲೆ ನಿಲ್ಲುವುದಿಲ್ಲ. ಈ ದಂಡೆಗಳಲ್ಲಿ ನೀರಿಗೆ ಇಳಿಯುವ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಪ್ರತಿ ವರ್ಷ ಈ ಜಿಲ್ಲೆಯ ಕಡಲಲ್ಲಿ ಪ್ರವಾಸಿಗರು ಸಾಯುತ್ತಾರೆ, ಹೆಚ್ಚಿನವರು ಎಳೆಯರು. ದಡಕ್ಕೆ ಬಂದ ನೀರು ಗುಡ್ಡದ ಪಕ್ಕದ ಕಿರಿದಾದ ಜಾಗದಿಂದ ರಭಸದಲ್ಲಿ ಹಿಂದಕ್ಕೆ ಹೋಗುತ್ತದೆ. ಮೇಲಿನಿಂದ ನೋಡಿದರೆ ಅಲೆ ಏಳದ ಆ ಪಟ್ಟಿಯೇ ಶಾಂತವಾಗಿರುವಂತೆ ತೋರುತ್ತದೆ, ಈಜಲು ಕರೆಯುತ್ತದೆ. ಜೀವರಕ್ಷಕರಿಲ್ಲದ ದಂಡೆಯಲ್ಲಿ ಮೊಣಕಾಲಿನವರೆಗೆ ಸಾಕು.

ಬೆಲೇಕಾನದ ಗಾಳಿಮರಗಳ ನೆರಳಿನಲ್ಲಿ ಊಟದ ಬುತ್ತಿ ಬಿಚ್ಚಿ, ಅಲ್ಲಿಂದ ಮನೆಗಳ ನಡುವಿನ ರಸ್ತೆ ಹಿಡಿದರೆ ತದಡಿ ಬಂದರು. ನಾಲ್ಕು ದಂಡೆಗಳ ಏಕಾಂತ ಕಳೆದು ಬಂದವರಿಗೆ ತದಡಿ ಒಂದು ದೊಡ್ಡ ಬದಲಾವಣೆ. ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು, ಡೀಸೆಲ್ಲಿನ ವಾಸನೆ, ನೀಲಿ-ಕೇಸರಿ ಬಣ್ಣದ ಬೋಟುಗಳು ಒಂದಕ್ಕೊಂದು ಮೈತಾಗಿಸಿ ನಿಂತಿವೆ. ಬಂಗಡೆ, ತಾರ್ಲೆ, ಶೆಟ್ಲಿ ಬುಟ್ಟಿಬುಟ್ಟಿಯಾಗಿ ಏರುತ್ತಿವೆ. ಹದ್ದು, ಗರುಡ, ಕಾಗೆ, ಬೆಳ್ಳಕ್ಕಿಗಳಿಗೆ ಹಬ್ಬ. ಎದುರು ದಂಡೆಗೆ ದೋಣಿ ಇಲ್ಲಿಂದಲೇ. ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಬೆಳಿಗ್ಗೆ ಗೋಕರ್ಣದಲ್ಲೇ ವಿಚಾರಿಸಿಕೊಳ್ಳಬೇಕು; ತಪ್ಪಿದರೆ ಹೆದ್ದಾರಿ ಹಿಡಿದು ದೊಡ್ಡ ಸುತ್ತು ಬರಬೇಕಾಗುತ್ತದೆ. ದೋಣಿ ನಡುನೀರಿಗೆ ಬಂದಾಗ ಎಡಕ್ಕೆ ತಿರುಗಿ ನೋಡಿ. ಅಗಲವಾದ ಹಿನ್ನೀರು, ಅದರಾಚೆ ತೆಂಗಿನ ಸಾಲು, ಅದರ ಮೇಲೆ ಪದರಪದರವಾಗಿ ನೀಲಿಯ ಘಟ್ಟ. ಮುಂದಿನ ದಿನಗಳಲ್ಲಿ ಹೋಗಬೇಕಾದದ್ದು ಅಲ್ಲಿಗೆ.

ಹೊಳೆಯ ಹೆಸರನ್ನೇ ಹೊತ್ತ ಅಘನಾಶಿನಿ ಎಂಬ ಊರಿನಲ್ಲೋ ಪಕ್ಕದ ಕಾಗಾಲದಲ್ಲೋ ಮನೆಯೊಂದರಲ್ಲಿ ರಾತ್ರಿ ಉಳಿಯುವುದು ನನ್ನ ಶಿಫಾರಸು. ದಂಡೆಯ ಮೇಲೆ ಟೆಂಟು ಹಾಕುವ ಯೋಚನೆ ಇದ್ದರೆ ಊರಿನವರ, ಪೊಲೀಸರ ಅನುಮತಿ ಕೇಳಿ, ಕೇಳದೆ ಬೇಡ. ಚಳಿಗಾಲದಲ್ಲಿ ಈ ಕರಾವಳಿಯ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಂಕಿ, ಬೆಳಕು, ಓಡಾಟ ಯಾವುದೂ ಅವಕ್ಕೆ ಆಗದು.

ಎರಡನೆಯ ದಿನದ ದಾರಿ ಕಾಗಾಲ, ಬಾಡ, ಗುಡೇಅಂಗಡಿ, ಕಡ್ಲೆ, ಹೊಲನಗದ್ದೆ, ವನ್ನಳ್ಳಿ ಹಾಯ್ದು ಕುಮಟಾಕ್ಕೆ. ಎರಡೂ ದಿನ ಸೇರಿ 20ರಿಂದ 25 ಕಿಲೋಮೀಟರು. ಒಂದೇ ದಿನದಲ್ಲಿ ಮುಗಿಸುವ ಗಟ್ಟಿಗರಿದ್ದಾರೆ, ಆದರೆ ಹಾಗೆ ಮುಗಿಸಿದವರು ಈ ಊರುಗಳನ್ನು ನೋಡಿರುವುದಿಲ್ಲ. ಗೋಕರ್ಣದ ಬದಿಯಲ್ಲಿ ದಂಡೆಗಳು ಪ್ರವಾಸಿಗರವು. ಇಲ್ಲಿ ಅವು ಊರಿನವರ ಕೆಲಸದ ಅಂಗಳ. ರಂಪಣಿ ಬಲೆ ಎಳೆಯುವ ಬೆಳಿಗ್ಗೆ ಸಿಕ್ಕರೆ ನಿಂತುಬಿಡಿ. ಉದ್ದನೆಯ ಬಲೆಯ ಎರಡು ತುದಿಗಳನ್ನು ಹಿಡಿದು ಗಂಡಸರು, ಹೆಂಗಸರು ಎರಡು ಸಾಲಾಗಿ ಹಿಂದೆ ಹಿಂದೆ ಹೆಜ್ಜೆಯಿಡುತ್ತಾರೆ. ಅವಸರವಿಲ್ಲ. ಅರ್ಧ ಗಂಟೆ ಏನೂ ಆಗುತ್ತಿಲ್ಲವೆಂದೇ ತೋರುತ್ತದೆ. ಆಮೇಲೆ ಬಲೆಯ ನಡುಭಾಗ ದಡಕ್ಕೆ ಹತ್ತಿರವಾದ ಕೂಡಲೇ ನೀರೆಲ್ಲ ಬೆಳ್ಳಿಯಾಗಿ ಕುದಿಯತೊಡಗುತ್ತದೆ. ಹಗ್ಗಕ್ಕೆ ಕೈಹಾಕಿದರೆ ಯಾರೂ ಬೇಡ ಎನ್ನುವುದಿಲ್ಲ.

ಬಾಡದಲ್ಲಿ ಕಾಂಚಿಕಾ ಪರಮೇಶ್ವರಿಯ ಗುಡಿ, ಕಡ್ಲೆಯಲ್ಲಿ ಗುಡ್ಡದ ಮಡಿಲಿನ ಶಾಂತವಾದ ದಂಡೆ, ವನ್ನಳ್ಳಿಯಲ್ಲಿ ಗುಡ್ಡದ ಮೇಲಿನಿಂದ ಬಂದ ದಾರಿಯನ್ನೆಲ್ಲ ತಿರುಗಿ ನೋಡಬಹುದಾದ ಎತ್ತರ. ಬೇಸಿಗೆಗೆ ಬರುವವರಿಗೆ ಒಂದು ಆಸೆ ತೋರಿಸುತ್ತೇನೆ: ವನ್ನಳ್ಳಿ, ಅಳ್ವೆಕೋಡಿ ಕಡೆಯ ಮರಳುಮಿಶ್ರಿತ ಗದ್ದೆಗಳಲ್ಲಿ ಬೆಳೆಯುವ ಸಿಹಿ ಈರುಳ್ಳಿಯನ್ನು ಜಡೆಯಂತೆ ಹೆಣೆದು ಹೆದ್ದಾರಿ ಬದಿಯಲ್ಲಿ ತೂಗುಹಾಕಿರುತ್ತಾರೆ. ನವೆಂಬರಿನಲ್ಲಿ ಅದು ಸಿಗುವುದಿಲ್ಲ. ಅದರ ಬದಲಿಗೆ ಮುರುಗಲ ಹಣ್ಣಿನ ಶರಬತ್ತಿದೆ, ಬಿಸಿಲಲ್ಲಿ ಬಂದವರಿಗೆ ಅದು ನಿಜವಾದ ಮದ್ದು.

ಮೂರನೆಯ ದಿನವನ್ನು ಹೆಚ್ಚಿನ ಚಾರಣಿಗರು ಪ್ರಯಾಣಕ್ಕೆ ಕಳೆದುಬಿಡುತ್ತಾರೆ. ನಾನು ಅದನ್ನು ಅಳಿವೆಗೆ ಮೀಸಲಿಡಿ ಎನ್ನುತ್ತೇನೆ. ವಾರದ ಏಳು ದಿನಗಳಲ್ಲಿ ನನಗೆ ತುಂಬ ಬೇಕಾದ ದಿನ ಇದು. ಹೊಳೆಯ ಸಿಹಿನೀರು, ಕಡಲಿನ ಉಪ್ಪುನೀರು ದಿನಕ್ಕೆರಡು ಸಲ ಬೆರೆಯುವ ಈ ಜಾಗ 4,801 ಹೆಕ್ಟೇರು ವಿಸ್ತಾರದ ರಾಮ್‌ಸಾರ್ ತಾಣವೆಂದು, ಅಂದರೆ ಜಗತ್ತಿಗೇ ಮುಖ್ಯವಾದ ಜೌಗುನೆಲವೆಂದು, 2024ರ ಜನವರಿಯಲ್ಲಿ ಘೋಷಣೆಯಾಯಿತು. ಇಳಿತದ ಹೊತ್ತಿಗೆ ಹೋದರೆ ಕೆಸರಿನ ಬಯಲು ತೆರೆದುಕೊಂಡಿರುತ್ತದೆ. ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು ಹತ್ತಾರು ಮಂದಿ. ಪಕ್ಕದಲ್ಲಿ ತೇಲುವ ದೋಣಿ ತುಂಬುತ್ತ ಹೋಗುತ್ತದೆ. ಸಾವಿರಾರು ಕುಟುಂಬಗಳ ಊಟ ಈ ಕೆಸರಿನಿಂದ.

ದಡದಲ್ಲಿ ಗಜನಿ ಗದ್ದೆಗಳು. ಉಪ್ಪುನೀರು ನುಗ್ಗುವ ತಗ್ಗು ನೆಲದಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಮಳೆ ಸುರಿದು ನೆಲದ ಉಪ್ಪು ತೊಳೆದುಹೋದ ಮೇಲೆ ಬಿತ್ತಿ, ಮಳೆಗಾಲ ಮುಗಿಯುತ್ತ ಕೊಯ್ಯುತ್ತಾರೆ. ನಡುವೆ ನೆರೆ ಬಂದು ಗದ್ದೆ ಮುಳುಗಿದರೂ ಆಳೆತ್ತರದ ಈ ಪೈರು ತಡೆದುಕೊಳ್ಳುತ್ತದೆ. ಗೊಬ್ಬರ ಹಾಕುವುದಿಲ್ಲ, ಹೊಳೆ ತಂದ ಮೆಕ್ಕಲೇ ಗೊಬ್ಬರ. ಕೊಯ್ಲಾದ ಗದ್ದೆಗೆ ನೀರು ಬಿಟ್ಟರೆ ಕೂಳೆಗಳ ನಡುವೆ ಶೆಟ್ಲಿ, ಮೀನು ಬಂದು ಬೆಳೆಯುತ್ತವೆ. ಭತ್ತದ ಬುಡ ಮೀನಿಗೆ ಆಹಾರ, ಮೀನಿನ ವಾಸ ಮುಂದಿನ ಭತ್ತಕ್ಕೆ ಸತ್ವ. ಇಂಥ ಬೇಸಾಯ ಕಟ್ಟಿದವರ ತಿಳಿವಳಿಕೆಗೆ ನಾನು ತಲೆಬಾಗುತ್ತೇನೆ. ಇದೇ ತದಡಿಯಲ್ಲಿ ಒಂದು ಕಾಲಕ್ಕೆ 4,000 ಮೆಗಾವಾಟಿನ ಶಾಖ ವಿದ್ಯುತ್ ಸ್ಥಾವರದ ಪ್ರಸ್ತಾವವಿತ್ತು. ಜನ ವಿರೋಧಿಸಿದರು, ಅದು ಇಲ್ಲಿ ಬರಲಿಲ್ಲ. ಹೊಳೆಯ ನೀರನ್ನು ಪೂರ್ವದ ಬಯಲಿಗೆ ತಿರುಗಿಸುವ ಯೋಜನೆಗಳ ಮಾತು ಇನ್ನೂ ನಿಂತಿಲ್ಲ. ಮೇಲಿನ ಸಿಹಿನೀರು ಕಡಿಮೆಯಾದರೆ ಬಳಚೂ ಇಲ್ಲ, ಕಗ್ಗವೂ ಇಲ್ಲ. ಇದನ್ನು ತಿಳಿಯಲು ತಜ್ಞರ ವರದಿ ಓದಬೇಕಾಗಿಲ್ಲ, ಅಳಿವೆಯಲ್ಲಿ ಒಂದು ಬೆಳಿಗ್ಗೆ ನಿಂತರೆ ಸಾಕು.

ಅದೇ ದಿನ ಮಧ್ಯಾಹ್ನಕ್ಕೆ ಮಿರ್ಜಾನ ಕೋಟೆ. ಚೀರೆಕಲ್ಲಿನ ದುಂಡು ಬುರುಜುಗಳ ಮೇಲೆ ಪಾಚಿ, ಹುಲ್ಲು, ಒಳಗೆ ಬಾವಿಗಳು. ಹದಿನಾರನೆಯ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೇಲಿನ ಮೆಣಸು ಹಡಗು ಹತ್ತುತ್ತಿದ್ದ ಸೀಮೆ ಇದು. ಆ ಮೆಣಸಿನ ಬಳ್ಳಿಗಳು ಅಡಿಕೆ ಮರಗಳನ್ನು ತಬ್ಬಿಕೊಂಡಿರುವುದನ್ನು ಎರಡು ದಿನದಲ್ಲಿ ನೋಡುತ್ತೀರಿ.

ನಾಲ್ಕನೆಯ ದಿನ ಯಾಣ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎನ್ನುವುದು ಈ ಕಡೆಯ ಹಳೆಯ ಗಾದೆ. ಗೋಕರ್ಣದಲ್ಲಿ ದಾನ-ದಕ್ಷಿಣೆಗೆ ಕಾಸು ಬೇಕಿತ್ತು. ಯಾಣಕ್ಕೆ ಹುಲಿ, ಕರಡಿಗಳ ಕಾಡು ಹಾಯ್ದು ಹೋಗುವ ಎದೆಗಾರಿಕೆ. ಈಗ ಕುಮಟಾದಿಂದಲೂ ಶಿರಸಿಯಿಂದಲೂ ಯಾಣದ ಹತ್ತಿರದವರೆಗೆ ರಸ್ತೆ ಇದೆ, ಕೊನೆಯ ಭಾಗ ಮಾತ್ರ ಕಾಲ್ನಡಿಗೆ. ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟವನ್ನು ಅಗಲಗೊಳಿಸುವ ಕೆಲಸದಿಂದ ಸಂಚಾರ ಆಗಾಗ ನಿಂತಿದೆ, ಹೊರಡುವ ಮುನ್ನ ವಿಚಾರಿಸಿ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಈ ಘಟ್ಟದಿಂದಲೇ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಅಲ್ಲಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಾಯಿತು.

ಯಾಣಕ್ಕೆ ಬೆಳಿಗ್ಗೆ ಬೇಗ ಹೋಗಬೇಕು, ಸಾಧ್ಯವಾದರೆ ವಾರದ ನಡುವಿನ ದಿನ. ಹಾದಿಯ ಎರಡೂ ಕಡೆ ಎತ್ತರದ ಮರಗಳು. ಪಕ್ಕದಲ್ಲಿ ಹಳ್ಳದ ಸದ್ದು. ತಿರುವೊಂದರಲ್ಲಿ ಮರಗಳ ಎಲೆಗಳ ನಡುವೆ ಕರಿಯ ಗೋಡೆಯೊಂದು ಕಾಣಿಸುತ್ತದೆ. ಕತ್ತು ಎತ್ತುತ್ತ ಹೋದರೂ ಅದು ಮುಗಿಯುವುದಿಲ್ಲ. ಭೈರವೇಶ್ವರ ಶಿಖರ 120 ಮೀಟರು, ಪಕ್ಕದ ಮೋಹಿನಿ ಶಿಖರ 90. ಸುಣ್ಣಕಲ್ಲಿನ ಈ ಬಂಡೆಗಳನ್ನು ಮಳೆ ಯುಗಗಳಿಂದ ಕರಗಿಸಿ ಚೂಪು ಅಲಗುಗಳಾಗಿ ಕೊರೆದಿದೆ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಉರಿದುಹೋದ ಜಾಗವೆಂಬ ಕಥೆ ಇಲ್ಲಿಯದು. ಸುತ್ತಲಿನ ಕರಿಮಣ್ಣನ್ನು ಅವನ ಬೂದಿ ಎನ್ನುತ್ತಾರೆ. ಬಂಡೆಯ ಸೀಳಿನೊಳಗಿನ ಗುಹೆಯಲ್ಲಿ ಶಿವಲಿಂಗ, ಮೇಲಿನಿಂದ ತೊಟ್ಟಿಕ್ಕುವ ನೀರು. ಬಂಡೆಯನ್ನು ಸುತ್ತುವ ಹಾದಿಯಲ್ಲಿ ಎರಡು ಗೋಡೆಗಳ ನಡುವೆ ಆಕಾಶ ಒಂದು ಗೀರಾಗಿ ಉಳಿಯುತ್ತದೆ. ಮೇಲೆ ಹೆಜ್ಜೇನಿನ ಹುಟ್ಟುಗಳು ತೂಗಿರುತ್ತವೆ: ಅತ್ತರು ಪೂಸಿಕೊಂಡು ಬರಬೇಡಿ, ಹೊಗೆ ಮಾಡಬೇಡಿ, ಕೂಗಬೇಡಿ. ಸಮೀಪದ ಮಾಬಗಿಯ ಬಳಿ ವಿಭೂತಿ ಜಲಪಾತವಿದೆ, ಹೊತ್ತಿದ್ದರೆ ನೋಡಿ. ಆತುರದಲ್ಲಿ ಎರಡನ್ನೂ ಮುಗಿಸುವುದಕ್ಕಿಂತ ಯಾಣದಲ್ಲೇ ಕೂತಿರುವುದು ಮೇಲು.

ಐದನೆಯ ದಿನದಿಂದ ಕಾನು. ಘಟ್ಟದ ಮೇಲಿನ ಹಸಿರು ಮಾಸದ ಕಾಡಿಗೆ ಇಲ್ಲಿನವರ ಮಾತು ಅದು. ಕಾನಿನಲ್ಲಿ ಬಿಸಿಲು ನೆಲಕ್ಕೆ ನಾಣ್ಯಗಾತ್ರದಲ್ಲಿ ಬೀಳುತ್ತದೆ. ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿಲೋಮೀಟರು ಕಾಡನ್ನು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಸಾರಿದ್ದಾರೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಕೋತಿಯ ಉತ್ತರದ ತುದಿಯ ನೆಲೆ ಇದು. ಕರಿ ಮೈ, ಮುಖದ ಸುತ್ತ ನರೆತ ಕೇಸರ. ಕಂಡರೆ ಪುಣ್ಯ; ತಿನಿಸು ಕೊಟ್ಟು ಹತ್ತಿರ ಕರೆಯುವುದು ಅದಕ್ಕೆ ಮಾಡುವ ಕೇಡು. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಮಾತ್ರ ಕಾಣುವ ಮೊದಲೇ ಕೇಳುತ್ತದೆ. ಮೀಸಲು ಅರಣ್ಯದೊಳಗೆ ಕಾಲಿಡುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಬೇಕು, ಸ್ಥಳೀಯರೊಬ್ಬರು ಜೊತೆಗಿರಬೇಕು.

ಈ ಭಾಗದ ಹಾದಿಗಳನ್ನು ಚಾರಣಿಗರಿಗೆಂದು ಯಾರೂ ಮಾಡಿದ್ದಲ್ಲ. ಮನೆಯಿಂದ ತೋಟಕ್ಕೆ, ತೋಟದಿಂದ ಸೊಪ್ಪಿನ ಬೆಟ್ಟಕ್ಕೆ, ಅಲ್ಲಿಂದ ಶಾಲೆಗೆ ಎಂದು ತಲೆಮಾರುಗಳು ತುಳಿದ ಕಾಲುಹಾದಿಗಳು ಇವು. ಹಳ್ಳಕ್ಕೆ ಅಡಿಕೆ ಮರದ ಸಂಕ, ಬೇಲಿಗೆ ದಣಪೆ. ತೆಗೆದ ದಣಪೆಯನ್ನು ಮತ್ತೆ ಹಾಕಿಯೇ ಮುಂದೆ ಹೋಗಬೇಕು, ಇಲ್ಲವಾದರೆ ದನ ತೋಟಕ್ಕೆ ನುಗ್ಗುತ್ತದೆ. ಅಂಗಳದಲ್ಲಿ ಅಡಿಕೆ ಒಣಗಿಸಿದ್ದರೆ ಸುತ್ತಿ ಬನ್ನಿ. ದಾರಿ ಕೇಳಲು ಜಗಲಿಯ ಬಳಿ ನಿಂತರೆ ಒಳಗಿನಿಂದ ಬರುವ ಮೊದಲ ಪ್ರಶ್ನೆ, "ಆಸ್ರಿಗೆ ಎಂತ ಬೇಕು? ಮಜ್ಜಿಗೆನಾ, ಚಾನಾ?" ಮಜ್ಜಿಗೆ ಎನ್ನಿ. ಉಳಿಯುವ ಮನೆ ಹವ್ಯಕರದ್ದಾದರೆ ಬೆಳಿಗ್ಗೆ ಕಾವಲಿಯಿಂದ ನೇರ ಬಾಳೆಲೆಗೆ ಬರುವ ತೆಳ್ಳೇವು, ಮಧ್ಯಾಹ್ನ ತಂಬುಳಿ, ಅಪ್ಪೆಹುಳಿ. ಎರಡು ದಿನ ನಡೆದು ದಣಿದ ಹೊಟ್ಟೆಗೆ ಅಪ್ಪೆಹುಳಿ ಮಾಡುವ ಉಪಕಾರವನ್ನು ಉಂಡವರೇ ಬಲ್ಲರು.

ಎಚ್ಚರಿಕೆಯ ಮಾತು ಇಲ್ಲಿಯೇ ಹೇಳಬೇಕು. ಉಂಬಳಕ್ಕೆ ಹೆದರಬೇಕಾಗಿಲ್ಲ, ನವೆಂಬರ್ ಕೊನೆಗೆ ಹಳ್ಳದ ಬದಿ ಬಿಟ್ಟರೆ ಕಡಿಮೆಯಾಗಿರುತ್ತದೆ, ಉಪ್ಪು ತಾಗಿಸಿದರೆ ಬಿಡುತ್ತದೆ. ಹೆದರಬೇಕಾದದ್ದು ಉಣುಗಿಗೆ. ಮಂಗನ ಕಾಯಿಲೆಯ ವೈರಾಣುವನ್ನು ಹೊರುವುದು ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಈಗಲೂ ಮಲೆನಾಡಿನಲ್ಲಿ ಜೀವ ತೆಗೆಯುತ್ತಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ನವೆಂಬರಿನಲ್ಲೇ ಹೋಗಿ ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚುವ ಡೆಪಾ ಎಣ್ಣೆ. ತರಗೆಲೆಯ ಮೇಲೆ ಕೂರಬೇಡಿ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆಯೆಲ್ಲ ಬಿಸಿನೀರಿಗೆ. ಮಂಗ ಸತ್ತಿದೆ ಎಂಬ ಸುದ್ದಿ ಇರುವ ಕಾಡಿಗೆ ಆ ವರ್ಷ ಹೋಗಲೇಬಾರದು. ಮನೆಗೆ ಮರಳಿದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಎಲ್ಲೆಲ್ಲಿ ಓಡಾಡಿದಿರೆಂದು ಮೊದಲೇ ಹೇಳಿ.

ಉಳಿದ ಸಾಮಾನಿನ ಪಟ್ಟಿ ಚಿಕ್ಕದು. ಬಂಡೆಗೂ ಕಾಡಿಗೂ ಆಗುವ ಬೂಟು ಒಂದು ಜೊತೆ, ಮರಳಿಗೆ ಚಪ್ಪಲಿ, ತಲೆಗೆ ಟೋಪಿ, ಕರಾವಳಿಯಲ್ಲಿ ತಲಾ ಮೂರು ಲೀಟರು ನೀರು, ಓಆರ್‌ಎಸ್ ಪೊಟ್ಟಣ, ಬ್ಯಾಟರಿ, ನೆಟ್‌ವರ್ಕ್ ಸಿಗದ ಕಣಿವೆಗಳಿಗೆಂದು ಕೈಯಲ್ಲಿ ಒಂದಿಷ್ಟು ನಗದು. ಚೀಲ ಎಂಟು ಕಿಲೋ ಮೀರದಿರಲಿ.

ಆರನೆಯ ದಿನ ಉಂಚಳ್ಳಿ. ಸಿದ್ದಾಪುರದ ಹೆಗ್ಗರಣೆಯ ಕಡೆಯಿಂದ ಕಾಡಿನೊಳಗೆ ಹೊಕ್ಕರೆ, ಕಾಣುವ ಎಷ್ಟೋ ಮೊದಲು ಅದು ಕೇಳುತ್ತದೆ. ಅಘನಾಶಿನಿ ಇಲ್ಲಿ 116 ಮೀಟರು ಆಳಕ್ಕೆ ಬೀಳುತ್ತಾಳೆ. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಅಧಿಕಾರಿಯ ಹೆಸರಿನಿಂದ ಲುಷಿಂಗ್ಟನ್ ಜಲಪಾತ ಎಂದು ದಾಖಲೆಗಳಲ್ಲಿ ಉಳಿಯಿತು. ಊರಿನವರಿಗೆ ಇದು ಕೆಪ್ಪಜೋಗ, ಕಿವಿ ಕಿವುಡಾಗಿಸುವ ಜೋಗ. ಮೆಟ್ಟಿಲಿಳಿದು ವೀಕ್ಷಣೆಯ ಕಟ್ಟೆಗೆ ಬಂದರೆ ಎದುರಿಗೆ ಇಡೀ ಕಣಿವೆ. ಬಂಡೆಯ ಮೇಲೆ ಹರವಿಕೊಂಡು, ಸೀಳಿ, ಮತ್ತೆ ಕೂಡಿ ಇಳಿಯುವ ನೀರು. ಕೆಳಗಿನಿಂದ ಎದ್ದ ತುಂತುರಿಗೆ ಎದುರಿನ ಗುಡ್ಡದ ಹುಲ್ಲು ಸದಾ ಒದ್ದೆ. ಬಿದ್ದ ನೀರು ಮರಗಳ ಸಂದಿಯಲ್ಲಿ ಪಶ್ಚಿಮಕ್ಕೆ ತಿರುಗಿ ಮರೆಯಾಗುತ್ತದೆ. ತದಡಿಯಲ್ಲಿ ದೋಣಿಯ ಅಡಿಗೆ ಇದ್ದದ್ದು, ಗಜನಿಗೆ ಮೆಕ್ಕಲು ತಂದದ್ದು ಇದೇ ನೀರು. ಶರಾವತಿಯ ಜೋಗ ಈಗ ಅಣೆಕಟ್ಟಿನ ಕೃಪೆಯಲ್ಲಿ ಬೀಳುತ್ತದೆ. ಉಂಚಳ್ಳಿಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅದು ಹೀಗೆಯೇ ಉಳಿಯಬೇಕು ಎಂಬುದು ನನ್ನ ಅತ್ಯಂತ ಗಾಢವಾದ ಆಸೆ. ಇಳಿದು ಬುಡಕ್ಕೆ ಹೋಗುವ ಸಾಹಸ ಬೇಡ. ಆ ಬಂಡೆಗಳು ವರ್ಷವಿಡೀ ಜಾರುತ್ತವೆ.

ಕೊನೆಯ ದಿನ ಶಿರಸಿ. ಅಘನಾಶಿನಿಗೆ ಎರಡು ತಲೆ: ಮಂಜುಗುಣಿಯ ಕಡೆಯಿಂದ ಬರುವ ಬಕುರಹೊಳೆ, ಶಿರಸಿಯ ಬಳಿ ಹುಟ್ಟುವ ದೋಣಿಹಳ್ಳ. ಶಿರಸಿ ಪಟ್ಟಣದ ಶಂಕರ ಹೊಂಡವನ್ನು ಹೊಳೆಯ ಮೂಲವೆಂದು ತೋರಿಸುತ್ತಾರೆ. ಕಾಡಿನ ನಡುವೆ ಚಿಮ್ಮುವ ಒರತೆಯನ್ನು ಕಲ್ಪಿಸಿಕೊಂಡು ಬಂದವರಿಗೆ ಸುತ್ತ ಮನೆಗಳಿರುವ ಈ ಹೊಂಡ ಸಾದಾ ಎನಿಸಬಹುದು. ನನಗೆ ಹಾಗೆ ಅನಿಸಿಲ್ಲ. ಹೊಳೆಯ ಹುಟ್ಟು ಜನರ ನಡುವೆಯೇ ಇದ್ದರೆ ಅದನ್ನು ಚೊಕ್ಕಟವಾಗಿಡುವ ಹೊಣೆಯೂ ಅವರ ಕಣ್ಣೆದುರಿಗೇ ಇರುತ್ತದೆ. ಮಾರಿಕಾಂಬೆಯ ಗುಡಿಗೆ ಹೋಗಿ, ಪೇಟೆಯಲ್ಲಿ ಒಂದು ಕಟ್ಟು ತೊಡೆದೇವು ಕೊಂಡುಕೊಳ್ಳಿ. ಕಬ್ಬಿನ ಹಾಲು ಬೆರೆಸಿದ ಹಿಟ್ಟನ್ನು ಬಿಸಿ ಮಡಕೆಯ ಬೆನ್ನಿಗೆ ಸವರಿ ಎಬ್ಬಿಸಿದ ಆ ಹಾಳೆ ಕೈ ತಾಗಿದರೆ ಪುಡಿಯಾಗುತ್ತದೆ, ಆದ್ದರಿಂದ ಚೀಲದ ಮೇಲ್ಭಾಗದಲ್ಲೇ ಇಡಬೇಕು. ಬೆಂಗಳೂರಿಗೂ ಹುಬ್ಬಳ್ಳಿಗೂ ಶಿರಸಿಯಿಂದ ರಾತ್ರಿ ಬಸ್ಸುಗಳಿವೆ. ಕಾರ್ತಿಕದಲ್ಲಿ ಅವು ಬೇಗ ತುಂಬುತ್ತವೆ. ಹೋಗುವ ಟಿಕೆಟ್ಟಿನ ಜೊತೆಗೇ ಬರುವ ಟಿಕೆಟ್ಟನ್ನೂ ಮಾಡಿಸಿಬಿಡಿ.